ನೀರು ಬಿಟ್ಟ ದಿನದ ಮೀಟಿಂಗು

ವಾರ್ಡಿನ ಹೆಂಗಸರ ಮಾತು ಕೇಳಬೇಕು ಅಂತ ಕರೆದ ಮೀಟಿಂಗಿಗೆ ಹೋಗಿದ್ದೆ. ಕರೆದ ಕೌನ್ಸಿಲರ್ ಬಿಟ್ಟರೆ ಅಲ್ಲಿದ್ದ ಹೆಂಗಸು ನಾನೊಬ್ಬಳೇ.

ಉಳಿದವರೆಲ್ಲ ಗಂಡಸರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚಹಾದ ಪೇಪರ್ ಕಪ್ಪು, ಎಲ್ಲರ ಬಾಯಲ್ಲೂ ಒಂದೇ ಮಾತು: ಕಮಾನು. ಪಕ್ಕದ ವಾರ್ಡಿನವರು ರಸ್ತೆಗೆ ಅಡ್ಡಲಾಗಿ ಕಟ್ಟಿಸಿದ್ದಾರಲ್ಲ, ಹಂಪಿ ಕಂಬಗಳನ್ನೇ ಸಿಮೆಂಟಿನಲ್ಲಿ ಎರಕ ಹೊಯ್ದು ಮೇಲೆ ಬಂಗಾರದ ಬಣ್ಣ ಬಳಿದದ್ದು, ಅಂಥದ್ದೊಂದು ನಮಗೂ ಬೇಕಂತೆ. (ಅಸಲಿ ಕಂಬಗಳು ಆಟೋ ಹತ್ತಿದರೆ ಅರ್ಧ ಗಂಟೆ ದಾರಿ. ಆದರೆ ಅವುಗಳ ಮೇಲೆ ನಮ್ಮ ವಾರ್ಡಿನ ಹೆಸರಿಲ್ಲವಲ್ಲ!)

ವಿಷಯ ಇಷ್ಟು. ನಗರಸಭೆ ಬಜೆಟ್ ಹತ್ತಿರ ಬಂದಿದೆ. ನಮ್ಮ ಕೌನ್ಸಿಲರ್ ಶೋಭಾ ಮೊದಲ ಸಲ ಗೆದ್ದು ಬಂದ ಹುಡುಗಿ. ಹತ್ತು ಕೆಲಸ ಕೇಳಿದರೆ ಒಂದೂ ಆಗುವುದಿಲ್ಲ, ಒಂದನ್ನೇ ಗಟ್ಟಿ ಹಿಡಿದು ಜಗ್ಗು ಅಂತ ಹಳೆಯ ಮೆಂಬರುಗಳು ಅವಳಿಗೆ ಹೇಳಿಕೊಟ್ಟಿದ್ದಾರೆ. ಆ ಒಂದು ಯಾವುದು? ಜನರೇ ಹೇಳಲಿ, ಅದರಲ್ಲೂ ಹೆಂಗಸರು ಹೇಳಲಿ ಅಂತ ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಸಭೆ ಇಟ್ಟಳು. ವೆರಿ ಡೆಮಾಕ್ರಟಿಕ್. ನನಗೆ ಕುತೂಹಲ ತಡೆಯಲಾಗಲಿಲ್ಲ. ಇಷ್ಟು ವರ್ಷ ಟ್ಯಾಕ್ಸ್ ಕಟ್ಟಿದ್ದೇನೆ, ಆ ದುಡ್ಡು ಯಾವ ಬಾಗಿಲಿಂದ ಹೊರಗೆ ಹೋಗುತ್ತದೆ ಅಂತ ಒಂದು ದಿನವಾದರೂ ನೋಡಬೇಡವೇ?

ಕಮಾನಿನ ಪರವಾಗಿ ಮಾತಾಡುತ್ತಿದ್ದವರು ವೀರಭದ್ರಪ್ಪನವರು. ಕಂಪ್ಲಿ ರಸ್ತೆಯಲ್ಲಿ ರೈಸ್ ಮಿಲ್ ಇಟ್ಟವರು, ನಮ್ಮ ಹಿಂದಿನ ಬೀದಿಯವರು. ಕಮಾನು ಬಂದರೆ ವಾರ್ಡಿನ ಗೌರವ ಹೇಗೆ ಏರುತ್ತದೆ ಅಂತ ಅವರು ವಿವರಿಸುತ್ತಿದ್ದರೆ, ಶೋಭಾ ಮಾತ್ರ ಬಾಗಿಲ ಕಡೆ ನೋಡುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು, ಹೆಣ್ಮಕ್ಕಳು ಯಾಕೆ ಬಂದಿಲ್ಲ ಅಂತ.

ಹಿಂದಿನಿಂದ ಯಾರೋ ಹೇಳಿದರು: "ನೀರು ಬಿಟ್ಟಾರಲ್ರೀ ಮೆಂಬರ್ರ. ಕೊಡ ಬಿಟ್ಟು ಯಾರ್ ಬರ್ತಾರ?"

ಅವಳ ಮುಖ ನೋಡಬೇಕಿತ್ತು ನೀವು. ನನ್ನ ಕಡೆ ಬಾಗಿ, ಪಿಸುದನಿಯಲ್ಲಿ, "ನಾನ ಬಿಡ್ಸೀನ್ರಿ ಆಂಟಿ" ಅಂದಳು.

ಆಗಿದ್ದೇನೆಂದರೆ, ಆ ಹೆಣ್ಮಕ್ಕಳ ಓಣಿಗಳಿಗೆ ನೀರಿನ ಸರದಿ ಬರಲು ಇನ್ನೂ ದಿನಗಳಿದ್ದವು. ಭಾನುವಾರ ಬೆಳಿಗ್ಗೆ ನೀರು ಬಂದರೆ ಜನ ಖುಷಿಯಾಗಿ ಸಭೆಗೆ ಬರುತ್ತಾರೆ ಅಂತ ಇವಳೇ ನೀರು ಬಿಡುವವನಿಗೆ ಫೋನ್ ಮಾಡಿ ಸರದಿಯನ್ನು ಅವತ್ತಿಗೇ ಎಳೆದುಕೊಂಡಿದ್ದಳು. ಬೇರೆ ಊರಲ್ಲಿ ಸಭೆಗೆ ಬಂದವರಿಗೆ ಲಾಡು ಹಂಚುತ್ತಾರೆ. ನಮ್ಮಲ್ಲಿ ನೀರು ಬಿಡುತ್ತಾರೆ. ಬಿಟ್ಟಮೇಲೆ ಬರುವವರು ಯಾರು?

ಹೊರಗಿನ ಓದುಗರಿಗೆ ಇದು ವಿಚಿತ್ರ ಅನ್ನಿಸಬಹುದು. ಡ್ಯಾಂ ಪಕ್ಕದ ಊರು, ನೀರಿಗೆ ಸರದಿಯೇ? ಹೌದು, ನಮ್ಮ ವಾರ್ಡಿಗೆ ಹಾಗೇ. ಡ್ಯಾಂ ಗೇಟು ತೆಗೆದಾಗ ಮಿರ್ಚಿ ತಿನ್ನುತ್ತ ನೀರು ನೋಡಿ ಬರುತ್ತೇವೆ. ಮನೆಗೆ ಬಂದು ನಳ ತಿರುಗಿಸಿದರೆ ಗಾಳಿ ಬರುತ್ತದೆ.

ನಾನು ಹುಟ್ಟಿ ಬೆಳೆದದ್ದು ಟಿ.ಬಿ. ಡ್ಯಾಂ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಕಾಲುವೆ ಆಫೀಸಿನಲ್ಲಿದ್ದರು. ಕಾನ್ವೆಂಟಿನಿಂದ ಬಂದವರೇ ಅಂಗಳದ ನಳಕ್ಕೆ ಬಾಯಿ ಹಚ್ಚುತ್ತಿದ್ದೆವು. ಅರ್ಧ ನೀರು ಹೊಟ್ಟೆಗೆ, ಅರ್ಧ ಯೂನಿಫಾರ್ಮಿಗೆ. ಒದ್ದೆ ಕಾಲರ್ ನೋಡಿ ಅಮ್ಮ ಬೈಯುತ್ತಿದ್ದಳು, ನಳ ಬಂದ್ ಮಾಡಿದಿರಾ ಅಂತ ಮಾತ್ರ ಒಮ್ಮೆಯೂ ಕೇಳಿದ್ದಿಲ್ಲ. ಅದು ಲಕ್ಷುರಿ ಅಂತ ಯಾರಿಗೆ ಗೊತ್ತಿತ್ತು? ಈಗ ನನ್ನ ಮನೆಗೆ ಸಂಪ್ ಇದೆ, ಮೋಟಾರ್ ಇದೆ. ಅದಕ್ಕೇ ಆ ಭಾನುವಾರ ಸಭೆಗೆ ಹೋಗಲು ಪುರುಸೊತ್ತು ಸಿಕ್ಕಿದ್ದು. ಸಂಪ್ ಇದ್ದವರಿಗೆ ಅಭಿಪ್ರಾಯವೂ ಇರುತ್ತದೆ.

ಇರಲಿ. ಶೋಭಾ ಎದ್ದು ನಿಂತಳು. "ಮೀಟಿಂಗ್ ನಳದ ಹತ್ರಾನ ಮಾಡೂಣು, ಬರ್ರಿ" ಅಂತ ಹೊರಟೇಬಿಟ್ಟಳು. ಗಂಡಸರು ಕಪ್ಪು ಹಿಡಿದುಕೊಂಡೇ ಹಿಂದೆ ಬಂದರು. ಮೂಲೆ ತಿರುಗುವಷ್ಟರಲ್ಲಿ ಅರ್ಧ ಜನ ಮಾಯ.

ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಕೊಡ, ಬಕೆಟ್ಟು, ನೀಲಿ ಡ್ರಮ್ಮು, ಹಾವಿನ ಹಾಗೆ ಪೈಪು. ಬಜೆಟ್ಟಿನಲ್ಲಿ ಏನು ಕೇಳಲಿ ಅಂತ ಶೋಭಾ ಕೇಳಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮೊದಲು ಈ ಡ್ರಮ್ಮಿನ ಆ ಕಡೆ ಹಿಡಿ ಅಂದಳು ಒಬ್ಬಾಕೆ. ಹಿಡಿದಳು ಪಾಪ, ಸೆರಗು ಸಿಕ್ಕಿಸಿ.

ಹೊಸ ಟ್ಯಾಂಕು ಕೇಳುತ್ತಾರೆ ಅಂತ ನನ್ನ ಲೆಕ್ಕ. ಅಷ್ಟರಲ್ಲಿ ಹುಲಿಗೆಮ್ಮ ಅನ್ನುವಾಕೆ, ಪೈಪಿನಿಂದ ಕಣ್ಣು ತೆಗೆಯದೆ, ಬೇರೆಯದೇ ಪ್ರಶ್ನೆ ಎಸೆದಳು.

"ಇವತ್ತು ನೀರು ಬಿಡು ಅಂತ ಹೇಳಿದ್ದು ಯಾರು ಮೆಂಬರಕ್ಕ? ಅವರನ್ನ ಒಂದೀಟು ಕರಕೊಂಬಾ."

ಶೋಭಾ ಡ್ರಮ್ಮಿನ ಕಡೆ ಬಾಗಿದಳು. ನಾನೂ ಡ್ರಮ್ಮು ನೋಡುತ್ತ ನಿಂತೆ.

ಹುಲಿಗೆಮ್ಮ ಹಂಪಿಯ ಒಂದು ಗೆಸ್ಟ್‌ಹೌಸಿನಲ್ಲಿ ರೂಮು ಗುಡಿಸಿ, ಬೆಡ್‌ಶೀಟ್ ಬದಲಿಸುವ ಕೆಲಸ ಮಾಡುತ್ತಾಳೆ. ಗಂಡ ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಮನೆಯಲ್ಲಿರುವ ಅತ್ತೆಗೆ ತಂಬಿಗೆ ಎತ್ತಿದರೂ ಕೈ ನಡುಗುತ್ತದೆ. ಹೀಗಾಗಿ ನೀರು ಬಂದ ದಿನ ಹುಲಿಗೆಮ್ಮನ ಕೆಲಸ ತಪ್ಪುತ್ತದೆ. ಹೇಳದೆ ಕೇಳದೆ ಇನ್ನೊಮ್ಮೆ ತಪ್ಪಿಸಿದರೆ ಬರಲೇ ಬೇಡ ಅಂತ ಮಾಲೀಕ ಹೇಳಿದ್ದನಂತೆ. ಭಾನುವಾರವೋ, ಗೆಸ್ಟುಗಳ ರಶ್ಶು. ಅವಳು ಆಟೋದಲ್ಲಿ ಕುಂತಾಗಿತ್ತು. ನೀರು ಬಂತು ಅಂತ ಪಕ್ಕದ ಮನೆಯಾಕೆ ಕೂಗಿದಳು, ಇಳಿದು ಓಡಿ ಬಂದಳು.

ನಿನಗೆ ದಿನಾ ನೀರು ಬೇಕು ಹಾಗಾದರೆ, ಅದನ್ನೇ ಕೇಳುತ್ತೇನೆ ಅಂದಳು ಶೋಭಾ.

"ದಿನಾ ಬ್ಯಾಡ. ದಿನಾ ಬಿಡಾಕ ನಿಮ್ ಕೈಲಿ ಆಗಂಗಿಲ್ಲ, ಗೊತ್ತೈತಿ. ಯಾವತ್ತು ಬಿಡ್ತೀರಿ ಅಂತ ಹಿಂದಿನ ದಿನ ಹೇಳ್ರಿ, ಸಾಕು. ಅವತ್ತು ರಜಾ ಕೇಳ್ತೀನಿ."

ಆಗ ಶೋಭಾ ಒಪ್ಪಿಕೊಂಡಳು, ಬಿಡಿಸಿದ್ದು ತಾನೇ ಅಂತ. ಹುಲಿಗೆಮ್ಮ ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಚಲೋ ಮಾಡ್ದಿ ಬಿಡಕ್ಕ. ನಾಳಿಂದ ನಿಮ್ಮನ್ಯಾಗ ಬೆಡ್‌ಶೀಟ್ ಹಾಸ್ತೀನಿ."

ಓಣಿಯೆಲ್ಲ ನಕ್ಕಿತು. ಹುಲಿಗೆಮ್ಮ ನಗಲಿಲ್ಲ.

ಶೋಭಾ ಅಲ್ಲೇ ನಿಂತು ಗೆಸ್ಟ್‌ಹೌಸ್ ಮಾಲೀಕನಿಗೆ ಫೋನ್ ಮಾಡಿದಳು. ಆತ ಭಾಳ ಪೊಲೈಟು. ಮೇಡಂ ಹೇಳಿದಮೇಲೆ ಆಯ್ತು, ಈ ಸಲ ಬರಲಿ. ಮುಂದಿನ ಸಲ ಹೇಳದೆ ತಪ್ಪಿಸಿದರೆ ಬೇರೆ ಹೆಂಗಸು ರೆಡಿ ಇದ್ದಾಳೆ. ಅಷ್ಟೇ.

ನನಗೆ ಅವತ್ತಿನಿಂದ ಒಂದೇ ಪ್ರಶ್ನೆ. ಹಿಂದಿನ ದಿನ ಹೇಳುವುದು ಅಷ್ಟು ಕಷ್ಟವೇ? ನೀರು ಬಿಡುವವನನ್ನೇ ಮನೆಗೆ ಕರೆದು ಚಹಾ ಕೊಟ್ಟು ಕೇಳಿದೆ. (ಹೆಸರು ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.) ಅವನು ಬಿಸ್ಕತ್ತು ಅದ್ದುತ್ತ ಅಂದ: "ಸರದಿ ಐತ್ರೀ ಅಮ್ಮಾರ. ಫೋನ್ ಬರ್ತಾವು."

ಮುಗಿಯಿತು! ಒಬ್ಬರ ಮನೆಯಲ್ಲಿ ಗೃಹಪ್ರವೇಶ, ಒಬ್ಬರ ಮನೆಗೆ ಬೀಗರು, ಒಬ್ಬರಿಗೆ ಸುಮ್ಮನೆ ತಮ್ಮ ಮಾತು ನಡೆಯಬೇಕು. ಒಂದೊಂದು ಫೋನಿಗೂ ಒಂದೊಂದು ಬೀದಿ ಹಿಂದೆ ಸರಿಯುತ್ತದೆ. ಹುಲಿಗೆಮ್ಮನ ಓಣಿಯಿಂದ ಯಾರೂ ಫೋನ್ ಮಾಡುವುದಿಲ್ಲ.

ಶೋಭಾ ಇದನ್ನೇ ಬಜೆಟ್ಟಿನ ಕೆಲಸ ಮಾಡಲು ಹೊರಟಳು. ಆಫೀಸಿನವರು ಕಕ್ಕಾಬಿಕ್ಕಿ. ಕಮಾನು ಅಂದರೆ ಎಸ್ಟಿಮೇಟ್ ಮಾಡಬಹುದು, ಟೆಂಡರ್ ಕರೆಯಬಹುದು. ಹಿಂದಿನ ದಿನ ಹೇಳುವುದನ್ನು ಯಾವ ಹೆಡ್ಡಿನಲ್ಲಿ ಹಾಕೋಣ ಮೇಡಂ? ಖರ್ಚೇ ಇಲ್ಲವಲ್ಲ! ಕೊನೆಗೆ, ಬೇರೆ ಬೀದಿಗೆ ಬಿಟ್ಟರೂ ನೀರು ನಿಲ್ಲದ ಹಾಗೆ ಆ ಓಣಿಗಳಿಗೆ ಬೇರೆ ವಾಲ್ವು ಬೇಕು ಅಂತ ಬರೆಸಿ ಬಂದಳು. ಅದು ಬರುವಾಗ ಬರಲಿ. ಅಲ್ಲಿಯವರೆಗೆ ಏನು?

ಕಸದ ಗಾಡಿ! ದಿನಾ ಬೆಳಿಗ್ಗೆ ಹಾಡು ಹಾಕಿಕೊಂಡು ಎಲ್ಲ ಓಣಿಗೂ ಬರುತ್ತದಲ್ಲ, ಅದರ ಮೈಕಿನಲ್ಲಿ ಹಿಂದಿನ ದಿನವೇ ಹೇಳಿಸತೊಡಗಿದಳು. ಹೋದ ವಾರ ನಾನು ಕಸದ ಬಕೆಟ್ ಹಿಡಿದು ಗೇಟಿನಲ್ಲಿ ನಿಂತಿದ್ದೆ, ಹಾಡು ನಡುವೆ ನಿಂತು ಶೋಭಾಳ ಒಡಕು ಧ್ವನಿ ಬಂತು, ನಾಳೆ ಮುಂಜಾನೆ ಇಂತಿಂಥ ಓಣಿಗೆ ನೀರು ಅಂತ. ರೇಡಿಯೋದಲ್ಲಿ ಗೆಳತಿಯ ದನಿ ಕೇಳಿದಷ್ಟು ಥ್ರಿಲ್ ಆಯಿತು. ಅವತ್ತು ಹುಲಿಗೆಮ್ಮ ಮಾಲೀಕನಿಗೆ ಹೇಳಿ ಮರುದಿನ ರಜೆ ತೆಗೆದುಕೊಂಡಳು. ಜನ್ಮದಲ್ಲಿ ಮೊದಲ ಸಲ, ಕೇಳಿ ಪಡೆದ ರಜೆ.

ಅವತ್ತೇ ಸಂಜೆ ಶೋಭಾ ನನ್ನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಳು. ಫೋನ್ ಹೊಡೆಯಿತು. ವೀರಭದ್ರಪ್ಪನವರು. ಮರುದಿನ ಅವರ ಬಸುರಿ ಮೊಮ್ಮಗಳ ಕುಬಸ, ಸಂಡೂರಿನಿಂದ ಬೀಗರು ಬರುವವರಿದ್ದರು. ನೀರು ತಮ್ಮ ಬೀದಿಗೆ ತಿರುಗಿಸು ಅಂತ ಆಗಲೇ ನೀರು ಬಿಡುವವನಿಗೆ ಹೇಳಿದ್ದರಂತೆ. ಮೆಂಬರ್ ಹೂಂ ಅನ್ನಲಿ, ತಿರುಗಿಸುತ್ತೇನೆ ಅಂದವನು ಶೋಭಾಗೂ ಮೊದಲೇ ಸುದ್ದಿ ಮುಟ್ಟಿಸಿದ್ದ. ತಿರುಗಿಸಿದರೆ ಹುಲಿಗೆಮ್ಮನ ರಜೆ ನೀರಿಲ್ಲದ ದಿನಕ್ಕೆ, ನೀರು ರಜೆಯಿಲ್ಲದ ದಿನಕ್ಕೆ. ಕೆಲಸ ಹೋಯಿತು ಅಂತಲೇ ಲೆಕ್ಕ.

ಶೋಭಾ ಫೋನನ್ನು ಬೋರಲು ಹಾಕಿದಳು. ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.

ಆಮೇಲೆ ನನ್ನ ಫೋನ್ ಹೊಡೆಯತೊಡಗಿತು.

ಅವರೇ. ನನ್ನ ಮೊಣಕಾಲಿನ ಆಪರೇಷನ್ನಿಗೆ ಬಳ್ಳಾರಿಗೆ ಸ್ವಂತ ಕಾರು ಕಳಿಸಿದ ಮನುಷ್ಯ. ನಮ್ಮೆಜಮಾನರ ಜೊತೆ ಚೆಸ್ ಆಡಿದ, ಅವರು ಹೋದಾಗ ಮೂರು ದಿನ ನಮ್ಮ ಪಡಸಾಲೆಯಲ್ಲೇ ಕೂತಿದ್ದ ಮನುಷ್ಯ. ಶೋಭಾ ನನ್ನನ್ನು ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ನಾನು ಎತ್ತಲಿಲ್ಲ. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಮರುದಿನ ನೀರು ಹುಲಿಗೆಮ್ಮನ ಓಣಿಗೇ ಬಂತು. ಕುಬಸದ ಮನೆಗೆ ಟ್ಯಾಂಕರ್ ಬಂತು. ನಾನು ಮಧ್ಯಾಹ್ನ ಊಟಕ್ಕೆ ಹೋದೆ, ಹೋಗದಿದ್ದರೆ ಹೇಗೆ? ವೀರಭದ್ರಪ್ಪನವರು ತಾವೇ ಬಂದು ಎಲೆಗೆ ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು, ಹಾಕುತ್ತಲೇ ಕೇಳಿದರು:

"ನಿಮ್ಮ ಫೋನ್ ಕೆಟ್ಟೈತೇನ್ರಿ ಅಕ್ಕಾರ?"

ಹೌದು ಅಂದೆ. ಕಾನ್ವೆಂಟಿನಲ್ಲಿ ಕಲಿತ ಬಾಯಿಂದ ಶುದ್ಧ ಸುಳ್ಳು.

ಆದರೂ ಯೋಚನೆ ಬರುತ್ತದೆ: ಇಂಥ ಫೋನುಗಳು ಊರಲ್ಲಿ ಇನ್ನೊಂದಿಷ್ಟು ಕೆಟ್ಟರೆ, ಬಜೆಟ್ಟಿಗೆ ಅರ್ಧ ಕೆಲಸ ಕಡಿಮೆಯಾಗುವುದಿಲ್ಲವೇ?