ಪಕ್ಕದ ಮನೆಯ ಮಗ್ಗದ ಸಪ್ಪಳ

ನಾನು ಹುಟ್ಟಿದ್ದೂ ನೇಕಾರರ ಮನೆ, ಸೇರಿದ್ದೂ ನೇಕಾರರ ಮನೆ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಯಾವ ಸಪ್ಪಳ ಯಾರ ಮಗ್ಗದ್ದು ಎಂದು ಒಲೆಯ ಮುಂದೆ ಕೂತೇ ಹೇಳುತ್ತಿದ್ದೆ. ಒಬ್ಬೊಬ್ಬರ ಕೈ ಒಂದೊಂದು ಥರ. ನನ್ನ ಮಾವ ಎರಡು ಸಲ ಬಡಿದು ಒಂದು ಉಸಿರು ತಗೊಳ್ಳುವರು. ನನ್ನ ಗಂಡ ರೋಣದ ಬಸ್ಸು ತಪ್ಪಿಹೋಗುತ್ತದೇನೋ ಎನ್ನುವ ಅವಸರದಲ್ಲಿ ನೇಯುವರು. ಪಕ್ಕದ ಮನೆಯವರದು ನಿಧಾನ ಮತ್ತು ಭಾರ. ಈ ಕಿವಿಯ ಬಗ್ಗೆ ನನಗೆ ಜಂಬವಿತ್ತು. ಅತ್ತೆ ನನ್ನಲ್ಲಿ ಮೆಚ್ಚಿದ್ದೂ ಅದೊಂದನ್ನೇ.

ನಮ್ಮೂರು ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅದು. ದೀಪಾವಳಿ ಮುಗಿದು ಕೆಲವು ದಿನಗಳಾಗಿದ್ದವು. ಪಕ್ಕದ ಮಗ್ಗದ ಸಪ್ಪಳ ಬದಲಾಗಿದ್ದು ನನಗೆ ಗೊತ್ತಾಯಿತು. ಬಡಿತ ಹಗುರ, ನಡುವೆ ತಡವರಿಕೆ. ನಾಲ್ಕು ಸಲ ಸರಿ, ಐದನೆಯದಕ್ಕೆ ಎಡವುವುದು. ಹೊಸ ಕೈ ಇದು ಎಂದುಕೊಂಡೆ. ಆ ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಮಕ್ಕಳಿಲ್ಲ. ಹಾಗಿದ್ದರೆ ಆ ಹೊಸ ಕೈ ಯಾರದು?

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಓಣಿಯಲ್ಲಿ ಹೆಂಗಸರು ಮಗ್ಗದ ಕುಣಿಗೆ ಇಳಿಯುತ್ತಿರಲಿಲ್ಲ. ನೂಲು ಸುತ್ತುವುದು, ಗಂಜಿ ಹಾಕುವುದು, ಲಾಳಿಯೊಳಗಿನ ಕಂಡಿಕೆಗೆ ನೂಲು ತುಂಬುವುದು ನಮ್ಮ ಕೆಲಸ. ಕಾಲು ಇಳಿಬಿಟ್ಟು ಕೂತು ನೇಯುವ ಆ ತಗ್ಗು ಮಾತ್ರ ಗಂಡಸರದು. ಅಲ್ಲಿ ದೇವರಿದ್ದಾನೆ, ಅಮಾವಾಸ್ಯೆಗೆ ಪೂಜೆ ಆಗುತ್ತದೆ, ಹೆಣ್ಣಿನ ಕಾಲು ತಾಗಬಾರದು. ಇದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ. ಬಲಗೈಯಲ್ಲಿ ಉಣ್ಣುವುದನ್ನು ಕಲಿತ ಹಾಗೆ ಇದನ್ನೂ ಕಲಿತಿದ್ದೆವು. ಹೀಗಾಗಿ ಮಗ್ಗದ ಸಪ್ಪಳ ಕೇಳಿದರೆ ಅಲ್ಲೊಬ್ಬ ಗಂಡಸಿದ್ದಾನೆ ಎಂದೇ ಅರ್ಥ.

ಒಂದು ದಿನ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಗೋಡೆಯಾಚೆ ಆ ಮನೆಯ ಯಜಮಾನ ಹೊರಸಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ. ಒಳಗೆ ಮಗ್ಗ ನಡೆದೇ ಇತ್ತು. ನಾನು ಹಸಿ ಬಟ್ಟೆಯನ್ನು ಬುಟ್ಟಿಯಲ್ಲೇ ಬಿಟ್ಟು ಒಳಗೆ ಓಡಿ ಅತ್ತೆಗೆ ಹೇಳಿದೆ. ಹೇಳುವಾಗ ನನಗೆ ಖುಷಿಯಾಗಿತ್ತು. ಇದನ್ನು ಈಗ ಮುಚ್ಚಿಟ್ಟು ಏನು ಮಾಡಲಿ?

ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಆ ಹೆಂಗಸು ಮನೆಯಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾಳೆ, ಗಂಡ ಕಂಡೂ ಕಾಣದವನ ಹಾಗೆ ಕೂತಿದ್ದಾನೆ. ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ಇಳಿದ ಪರವೂರಿನವರೆಲ್ಲ ನಮಗೆ ಅವನೇ ಆದರು. ನರಗುಂದದಿಂದ ಎಮ್ಮೆ ನೋಡಲು ಬಂದ ಮುದುಕನೊಬ್ಬನನ್ನು ಮೂರು ಮನೆಯ ಹೆಂಗಸರು ಓಣಿ ದಾಟುವ ತನಕ ಕಣ್ಣಲ್ಲೇ ಕಳಿಸಿಕೊಟ್ಟರು. ಅತ್ತೆ ಗೋಡೆಗೆ ಕಿವಿಯಿಟ್ಟು ಆಕೆ ಬಡಿಯುವ ರೊಟ್ಟಿ ಎಣಿಸಿದರು. ಇಬ್ಬರಿಗೆ ಆಗುವಷ್ಟೇ ಇದ್ದವು.

"ನೋಡು, ಎಷ್ಟ ಶ್ಯಾಣ್ಯಾಕಿ. ಆಂವ ತನ್ನ ಬುತ್ತಿ ತಾನ ಕಟ್ಟಿಕೊಂಡ ಬರ್ತಾನ," ಎಂದರು.

ಅನುಮಾನಕ್ಕೆ ಇಲ್ಲದ್ದೂ ಸಾಕ್ಷಿಯಾಗುತ್ತದೆ. ಆಗ ನನಗೆ ಅತ್ತೆಯ ಮಾತು ಸರಿಯಾಗಿಯೇ ಕಂಡಿತ್ತು.

ಆಕೆಯ ಜೊತೆ ಯಾರೂ ಜಗಳಕ್ಕೆ ಹೋಗಲಿಲ್ಲ. ನಮ್ಮ ಜನ ಹಾಗೆಲ್ಲ ಬಾಯಿ ಮಾಡುವವರಲ್ಲ. ಅರಿಷಿಣ ಕುಂಕುಮಕ್ಕೆ ಕರೆಯುವುದು ನಿಂತಿತು. ಬೆಳಿಗ್ಗೆ ಒಲೆಗೆ ಕೆಂಡ ಕೇಳಲು ಬಂದರೆ ನಮ್ಮ ಒಲೆಯೂ ಆರಿದೆ ಎನ್ನುವರು. ಬಾವಿಯ ಹತ್ತಿರ ತುಂಬಿದ ಕೊಡವನ್ನು ಒಬ್ಬರ ತಲೆಗೆ ಇನ್ನೊಬ್ಬರು ಎತ್ತುವುದು ವಾಡಿಕೆ. ಆಕೆಯ ಕೊಡಕ್ಕೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಅರ್ಧ ಕೊಡ ತುಂಬಿಸಿ ಸೊಂಟದ ಮೇಲಿಟ್ಟುಕೊಂಡು ನಾಲ್ಕು ಸಲ ಓಡಾಡುತ್ತಿದ್ದಳು.

ಒಂದು ದಿನ ಬಾವಿಯ ಕಟ್ಟೆಯ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು: "ತಂಗಿ, ನೀನ ಮೊದಲ ಹೇಳಿದ್ದಂತ, ಹೌದೇನು? ನಮ್ಮ ಮನ್ಯಾಗ ಯಾವ ಗಂಡಸೂ ಬಂದಿಲ್ಲ. ದೇವರಾಣಿ."

"ನನಗ ಯಾಕ ಹೇಳ್ತೀ ಅಕ್ಕಾ?" ಎಂದೆ. ಆಣೆ ಹಾಕಿದ್ದರಿಂದಲೇ ನನ್ನ ಸಂಶಯ ಗಟ್ಟಿಯಾಯಿತು.

ಕಾರ್ತಿಕ ಕಳೆಯುವ ಹೊತ್ತಿಗೆ ಓಣಿಯ ಹಿರಿಯರು ಕೂಡಿದರು. ನನ್ನ ಮಾವ ಅವರಲ್ಲೊಬ್ಬರು. ಆ ಗಂಡಸನ್ನು ಹಿಡಿದರೆ ಆಕೆಯನ್ನು ತವರಿಗೆ ಕಳಿಸಬೇಕು, ಗಂಡ ಒಪ್ಪದಿದ್ದರೆ ಇಬ್ಬರೂ ಓಣಿ ಬಿಡಬೇಕು ಎಂದು ಮಾತಾಯಿತು. ಸಪ್ಪಳ ಗುರುತಿಸಲು ನಾನೂ ಬರಬೇಕಂತೆ. ನಡು ಮಧ್ಯಾಹ್ನ ಮೂವರು ಹಿರಿಯರ ಹಿಂದೆ ತಲೆಯ ಮೇಲೆ ಸೆರಗು ಹೊದ್ದು ಹೋದೆ. ಮಗ್ಗ ನಡೆದಿತ್ತು. ಅದೇ ತಡವರಿಸುವ ಬಡಿತ. ನಾನು ತಲೆ ಆಡಿಸಿದೆ. ಮಾವ ಬಾಗಿಲು ತಟ್ಟಿದರು. ಸಪ್ಪಳ ನಿಂತಿತು.

ಬಾಗಿಲು ತೆಗೆಯಲು ಭಾಳ ಹೊತ್ತು ಹಿಡಿಯಿತು. ಒಳಗೆ ಏನೋ ಎಳೆದಾಡಿದ ಸದ್ದು. ಹಿರಿಯರು ಮುಖ ಮುಖ ನೋಡಿಕೊಂಡರು. ಕೊನೆಗೆ ಆಕೆಯೇ ತೆಗೆದಳು. ಕುಣಿಯಲ್ಲಿ ಗಂಡ ಕೂತಿದ್ದ. ಹಣೆಯ ಮೇಲೆ ಬೆವರು, ಕೈಯಲ್ಲಿ ಲಾಳಿ. ಹಿರಿಯರು ಅಡುಗೆಮನೆ ನೋಡಿದರು, ಹಿತ್ತಲು ನೋಡಿದರು, ಜೋಳದ ಚೀಲಗಳ ಹಿಂದೆ ಇಣುಕಿದರು. ಯಾರೂ ಇರಲಿಲ್ಲ.

"ನಾನ ನೇಯಾಕ ಹತ್ತಿದ್ದೆನ್ರಿ," ಎಂದ ಆತ.

"ಹಂಗಾದ್ರ ನಾಕ ಎಳಿ ನೇದು ತೋರಸು," ಎಂದರು ಮಾವ.

ಆತ ಲಾಳಿ ಎತ್ತಿದ. ಕಾಲು ಆಡಲಿಲ್ಲ. ಧೋತರದ ಕೆಳಗೆ ಆ ಎಡಗಾಲು ಸಣ್ಣಗಾಗಿದ್ದು ಆಗ ನನ್ನ ಕಣ್ಣಿಗೆ ಬಿತ್ತು. ಕುಣಿಯ ಅಂಚಿನಲ್ಲಿ ಬಿಚ್ಚಿಟ್ಟ ಜೋಡಿ ಕಾಲುಂಗುರ ಇದ್ದವು. ತುಳಿಯುವ ಹಗ್ಗಕ್ಕೆ ಸಿಕ್ಕಿಬೀಳಬಾರದೆಂದು ಬಿಚ್ಚಿದ್ದಳು. ಗಂಡನಿರುವ ಹೆಣ್ಣು ಕಾಲುಂಗುರ ಬಿಚ್ಚುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಗಂಡಸರ ಕಣ್ಣಿಗೆ ಅವು ಬೀಳಲಿಲ್ಲ. ಇಷ್ಟು ದಿನ ನಾನು ಕೇಳಿದ್ದು ಈಕೆಯ ಬಡಿತ.

ಖರೇ ಹೇಳಿದರೆ ಆಕೆಯ ಮೇಲಿನ ಅಪವಾದ ಹೋಗುತ್ತಿತ್ತು. ಆದರೆ ಹೆಣ್ಣು ಇಳಿದ ಮಗ್ಗಕ್ಕೆ ನಮಗೆಲ್ಲ ನೂಲು ಕೊಟ್ಟು ನೇಯಿಸುವ ಸಾವಕಾರ ನೂಲು ಕೊಡುವವನಲ್ಲ. ಆ ನೂಲು ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ. ಸುಮ್ಮನಿದ್ದರೆ ಇನ್ನೊಂದು ಗಳಿಗೆಯಲ್ಲಿ ಕಾಲು ಸತ್ತಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಆಕೆ ನನ್ನತ್ತ ನೋಡಿದಳು. ಕೇಳಿಕೊಳ್ಳುವ ನೋಟವಲ್ಲ ಅದು. ಇನ್ನೇನು ಮಾಡುತ್ತೀ ನೋಡೋಣ ಎನ್ನುವ ನೋಟ.

ಹಿರಿಯರ ಮುಂದೆ ಸೊಸೆ ಬಾಯಿ ತೆರೆಯಬಾರದು. ನಾನು ಎರಡು ಹೆಜ್ಜೆ ಮುಂದೆ ಹೋಗಿ, ಸೀರೆಯ ನೆರಿಗೆಯಲ್ಲಿ ಕಾಲುಂಗುರ ಮರೆಯಾಗುವಂತೆ ನಿಂತೆ.

"ಬ್ಯಾಡ್ರಿ ಮಾವಾರ," ಎಂದೆ. "ಸಪ್ಪಳ ಅವರದ ಐತಿ. ನಂದ ತಪ್ಪಾತು. ಅವತ್ತ ಹಿತ್ತಲದಾಗ ನಾ ಕಂಡದ್ದು ಅವರಲ್ಲ, ಒಣಹಾಕಿದ ಹಾಸಗಿ ಇರಬೇಕು."

ಮಾವ ನನ್ನನ್ನು ನುಂಗುವ ಹಾಗೆ ನೋಡಿದರು. ಇನ್ನೊಬ್ಬ ಹಿರಿಯರು ಮಾತ್ರ ಉಸಿರು ಬಿಟ್ಟು ನಕ್ಕರು. "ಹೆಣ್ಣಮಕ್ಕಳ ಮಾತ ಕಟಗೊಂಡ ಬಂದ್ವಿ. ತಪ್ಪ ತಿಳೀಬ್ಯಾಡಪಾ," ಎಂದು ಆತನಿಗೆ ಹೇಳಿ ಹೊರಗೆ ಹೋದರು. ಉಳಿದವರೂ ಹೊರಟರು. ಮುಗಿಯಿತು. ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ನಾನು ಹಿಂದುಳಿದೆ. ಆಕೆ ಏನಾದರೂ ಒಳ್ಳೆಯ ಮಾತು ಆಡುತ್ತಾಳೆ ಎಂದು ಕಾದೆ ಎನ್ನಲು ಈಗಲೂ ನಾಚಿಕೆಯಾಗುತ್ತದೆ. ಆಕೆ ಗಂಡನ ಎರಡೂ ರಟ್ಟೆಗಳ ಕೆಳಗೆ ಕೈ ಹಾಕಿ ಆತನನ್ನು ಕುಣಿಯಿಂದ ಮೇಲಕ್ಕೆ ಎಳೆದಳು, ಗೋಡೆಗೆ ಒರಗಿಸಿ ಕೂರಿಸಿದಳು. ಆತ ನನ್ನ ಕಡೆ ನೋಡಲೇ ಇಲ್ಲ. ಆಮೇಲೆ ಆಕೆ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಳು.

"ನಾ ದೇವರಾಣಿ ಮಾಡಿ ಖರೇ ಹೇಳಿದೆ. ಒಬ್ಬರೂ ನಂಬಲಿಲ್ಲ, ನೀನೂ ನಂಬಲಿಲ್ಲ," ಎಂದಳು. ದನಿ ಏರಿಸಲಿಲ್ಲ. "ಈಗ ನೀ ಒಂದ ಸುಳ್ಳ ಹೇಳಿದಿ, ಎಲ್ಲಾರೂ ನಂಬಿ ಮನೀಗೆ ಹೋದ್ರು. ನೀನೂ ಹೋಗು. ಬಾಗಲಾ ಎಳಕೊಂಡ ಹೋಗು."

ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.