ಹದಿನಾರು ನಟ್‌ಗಳಿಗೆ ಒಂದೊಂದು ಹನಿ

ಗಡಿಯಾರದ ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ. ಕೈಗಡಿಯಾರ ರಿಪೇರಿ ಅವರ ಕಸುಬು. ಮೇಷ್ಟ್ರು ಎಂಬ ಪದವಿಯನ್ನು ಬೀದಿಯವರು ದಯಪಾಲಿಸಿದ್ದರು. ಮನೆಯಲ್ಲಿ ನಿಜವಾಗಿ ಪಾಠ ಹೇಳುತ್ತಿದ್ದವರು ಅವರ ಹೆಂಡತಿ, ಪ್ರೌಢಶಾಲೆಯ ಗಣಿತದ ಟೀಚರು. ಕಾರು ಓಡಿಸುತ್ತಿದ್ದವರೂ ಅವರೇ. ಮೇಷ್ಟ್ರಿಗೆ ಓಡಿಸಲು ಬಾರದು. ಹಾಗಾಗಿ ಕಾರಿನ ಆರೈಕೆಯನ್ನು ಅವರು ತಾವಾಗಿ ತಲೆಯ ಮೇಲೆ ಹೊತ್ತುಕೊಂಡಿದ್ದರು.

ಬೀರುವಿನಷ್ಟು ಅಗಲದ ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ತಿರುಗಿಸುತ್ತ ಅವರು ಇಪ್ಪತ್ತೇಳು ವರ್ಷ ಕಳೆದಿದ್ದರು. ಕೂದಲೆಳೆಯಷ್ಟು ಹೆಚ್ಚು ಬಲ ಬಿದ್ದರೂ ಕೆಲಸ ಕೆಡುತ್ತಿತ್ತು. ಹೀಗೆ ಜೀವಮಾನವೆಲ್ಲ ತಡೆಹಿಡಿದ ಬಲಕ್ಕೆ ಕಾರಿನ ಚಕ್ರದಲ್ಲಿ ದಾರಿ ಸಿಕ್ಕಿತು. ತಿಂಗಳ ಮೊದಲ ಭಾನುವಾರ, ಟೀಚರು ಉತ್ತರಪತ್ರಿಕೆಗಳ ರಾಶಿಯ ಹಿಂದೆ ಮರೆಯಾಗಿದ್ದಾಗ, ಮೇಷ್ಟ್ರು ಅಂಗಳಕ್ಕಿಳಿದು ನಾಲ್ಕೂ ಚಕ್ರಗಳ ಹದಿನಾರು ನಟ್‌ಗಳನ್ನೂ ಒಂದೊಂದಾಗಿ ಬಿಚ್ಚಿ, ಕಸುಬಿನ ಅಭ್ಯಾಸದಂತೆ ಒಂದೊಂದಕ್ಕೂ ಒಂದೊಂದು ಹನಿ ಎಣ್ಣೆ ಬಿಟ್ಟು, ಮತ್ತೆ ಬಿಗಿಯುತ್ತಿದ್ದರು. ಕೊನೆಯಲ್ಲಿ ಸ್ಪ್ಯಾನರಿನ ಹಿಡಿಕೆಯ ಮೇಲೆ ಬಲಗಾಲಿಟ್ಟು ಒಮ್ಮೆ ನಿಲ್ಲುತ್ತಿದ್ದರು. ಆ ಗಳಿಗೆಯಲ್ಲಿ ಅವರ ಮುಖದಲ್ಲಿ ಕಾಣುತ್ತಿದ್ದ ಸುಖವನ್ನು ಯಾರೂ ನೋಡಿರಲಿಲ್ಲ.

ಶುಕ್ರವಾರ ಹಿಂದಿನ ಎಡಚಕ್ರ ಪಂಕ್ಚರ್ ಆಯಿತು. ತಿರುವಿನಲ್ಲಿರುವ ಪಂಕ್ಚರ್ ಅಂಗಡಿಯವನು ನಟ್ ಬಿಚ್ಚುವಾಗ, ಚಕ್ರವನ್ನು ಹಿಡಿದಿರುವ ನಾಲ್ಕು ಸ್ಟಡ್‌ಗಳಲ್ಲಿ ಒಂದು ಪಟಕ್ಕನೆ ತುಂಡಾಯಿತು. ಇನ್ನೊಂದರ ಮರೆ, ಅಂದರೆ ನಟ್ ಹತ್ತುವ ಸುತ್ತುಗೀರು, ಸವೆದು ಸುರುಳಿಯಾಗಿ ಉದುರಿತು. "ಇದು ಮೊದಲೇ ಹೋಗಿತ್ತು ಮೇಡಂ," ಎಂದ ಅವನು. ಟೀಚರು ನಂಬಲಿಲ್ಲ. ಉಳಿದೆರಡು ನಟ್ಟಿನಲ್ಲೇ ಚಕ್ರ ನಿಲ್ಲಿಸಿ, ಮೂರು ಜನ ಸೇರಿ ಕಾರನ್ನು ನೂರು ಹೆಜ್ಜೆ ತಳ್ಳಿ ಮನೆಗೆ ಮುಟ್ಟಿಸಿದರು.

"ಅವನದು ಕೈಯೋ ಕೊಡಲಿಯೋ! ಭಾನುವಾರ ನನ್ನ ತಮ್ಮ ಬಂದು ನೋಡ್ಲಿ, ಆಮೇಲೆ ಬೀದಿ ಮುಂದೆ ಬೆವರಿಳಿಸ್ತೀನಿ. ಸ್ಟಾಫ್ ರೂಮಲ್ಲೂ ಹೇಳ್ತೀನಿ, ಒಬ್ಬರೂ ಅವನ ಹತ್ರ ಗಾಡಿ ಬಿಡಬಾರದು."

ಮೇಷ್ಟ್ರಿಗೆ ಸ್ಪ್ಯಾನರಿನ ಮೇಲಿಡುತ್ತಿದ್ದ ತಮ್ಮ ಬಲಗಾಲು ನೆನಪಾಯಿತು. ಟೀಚರ ಮಾತು ಸ್ಟಾಫ್ ರೂಮಿನಲ್ಲಿ ಶಾಸನ. ಅದು ಹೊರಬಿದ್ದರೆ ಪಂಕ್ಚರ್ ಅಂಗಡಿಯ ಅರ್ಧ ವ್ಯಾಪಾರ ಹೋದಂತೆಯೇ. ಹೇಳಿಬಿಡಬೇಕೆಂದು ಎರಡು ದಿನದಲ್ಲಿ ಐದು ಸಲ ಬಾಯಿ ತೆರೆದರು. ಐದು ಸಲವೂ ನೀರು ಕೇಳಿದರು.

ಭಾನುವಾರ ಒಂಬತ್ತೂಕಾಲಿಗೆ ಬಸ್ ಡಿಪೋದ ಮೆಕ್ಯಾನಿಕ್ ಆದ ಭಾವಮೈದುನ ಎರಡು ಹೊಸ ಸ್ಟಡ್‌ಗಳೊಂದಿಗೆ ಹಾಜರಾದ. ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಜ್ಯಾಕ್ ಏರಿಸಿ, ಕಾರಿನ ಅಡಿಗೆ ಸ್ಟ್ಯಾಂಡ್ ನಿಲ್ಲಿಸಿ, ಚಕ್ರವನ್ನೂ ಬ್ರೇಕ್ ಡ್ರಮ್ಮನ್ನೂ ಕಳಚಿದ. ಬಿಚ್ಚಿದ ನಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಅಕ್ಕಾ, ಇದಕ್ಕೆ ಯಾರೇ ಒಗ್ಗರಣೆ ಹಾಕಿದ್ದು?"

"ಇನ್ಯಾರು, ಆ ಪಂಕ್ಚರಿನವನೇ!"

"ಎಣ್ಣೆ ಬಿದ್ದರೆ ನಟ್ಟು ಜಾರ್ತಾ ಹೋಗುತ್ತೆ. ಬಿಗಿದವನಿಗೆ ಗೊತ್ತೇ ಆಗಲ್ಲ. ಒಳಗೆ ಸ್ಟಡ್ಡು ಎಳೆದೂ ಎಳೆದೂ ಪ್ರಾಣ ಬಿಡುತ್ತೆ. ಏನು ಭಾವ, ಮುಖ ಹುಳ್ಳಗಾಯ್ತಲ್ಲ?"

"ಬಿಸಿಲು," ಎಂದರು ಮೇಷ್ಟ್ರು. ಅವರು ನಿಂತಿದ್ದುದು ನೆರಳಿನಲ್ಲಿ.

ಭಾವಮೈದುನ ಹಳೆಯ ಸ್ಟಡ್‌ಗಳನ್ನು ಸುತ್ತಿಗೆಯಿಂದ ಹಿಂದಕ್ಕೆ ಹೊಡೆದು ಕೆಡವಿದ. ಹೊಸದನ್ನು ಹಿಂಬದಿಯಿಂದ ತೂರಿಸಿ, ಅದರ ಸಣ್ಣ ಹಲ್ಲುಗಳನ್ನು ತೂತಿನ ಗೀರುಗಳಿಗೆ ಹೊಂದಿಸುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಸ್ಟಡ್ಡಿಗೆ ನಾಲ್ಕು ವಾಷರ್ ಪೋಣಿಸಿ, ನಟ್ಟನ್ನು ತಿರುವುಮುರುವಾಗಿ ಹಾಕಿ, ತಿರುಗಿಸುತ್ತ ಸ್ಟಡ್ಡನ್ನು ಅದರ ಮನೆಯೊಳಕ್ಕೆ ಎಳೆದುಕೊಂಡರು. "ಇನ್ನೊಂದು ಸುತ್ತು," ಎಂದ ಭಾವಮೈದುನ. "ಬೇಡ, ಕೂತಿದೆ," ಎಂದರು ಮೇಷ್ಟ್ರು. ಟಾರ್ಚ್ ಬಿಟ್ಟು ನೋಡಿದರೆ ಹಿಂದಿನ ತಲೆ ಕಾಗದವೂ ನುಸುಳದಂತೆ ಕೂತಿತ್ತು. ಎರಡನೆಯದೂ ಹಾಗೆಯೇ.

"ಅಕ್ಕಾ, ನಮ್ಮ ಡಿಪೋದಲ್ಲಿ ಇಂಥ ಕೈ ಇಲ್ಲ ನೋಡು!"

"ಮತ್ತೆ? ನಮ್ಮನೆಯವರ ಕೈ ಅಂದ್ರೆ ಏನು ಅಂದ್ಕೊಂಡೆ! ಅವನೂ ಇದ್ದಾನೆ, ಕೊಡಲಿ ಕೈಯವನು. ಈಗಲೇ ಹೋಗ್ತೀನಿ," ಎಂದು ಟೀಚರು ಚಪ್ಪಲಿ ಮೆಟ್ಟಿದರು.

ಬೈಗುಳವಾಗಿದ್ದರೆ ಮೇಷ್ಟ್ರು ನುಂಗಿಕೊಳ್ಳುತ್ತಿದ್ದರೇನೋ. ಈ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ.

"ಹೋಗಬೇಡ ಕಣೇ. ಎಣ್ಣೆ ಹಾಕಿದ್ದು ನಾನು. ಬಿಗಿದದ್ದೂ ನಾನು. ಕಾಲಿಟ್ಟು."

ಟೀಚರು ನಿಂತಲ್ಲೇ ನಿಂತರು. "ಎಷ್ಟು ತಿಂಗಳಿಂದ?"

"ಹತ್ತೊಂಬತ್ತು."

"ಹದಿನಾರು ನಟ್ಟು, ಹತ್ತೊಂಬತ್ತು ತಿಂಗಳು. ಮುನ್ನೂರ ನಾಲ್ಕು ಸಲ! ರೀ, ಒಂದು ಸಲವಾದ್ರೂ ಯಾರನ್ನಾದ್ರೂ ಕೇಳಬಾರದಿತ್ತಾ?"

ಭಾವಮೈದುನನ ನಗು ಅರ್ಧಕ್ಕೇ ನಿಂತಿತು. ಅವನು ಉಳಿದ ಚಕ್ರಗಳ ಒಂದೊಂದು ನಟ್ ಬಿಚ್ಚಿ ನೋಡಿದ. ಮೂರರಲ್ಲೂ ಮರೆ ಎಳೆದುಕೊಂಡಿತ್ತು. "ಭಾವ, ಈಗ ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ನಾಳೆ ಅಕ್ಕ ಇದರಲ್ಲೇ ಹೊರಡ್ತಿದ್ದಳು. ಉಳಿದ ಹದಿನಾಲ್ಕೂ ಬದಲಾಯಿಸ್ಬೇಕು."

ಟೀಚರು ಗಂಡನ ಚಪ್ಪಲಿ ತಂದು ಮುಂದಿಟ್ಟರು. "ಹಾಕ್ಕೊಳ್ಳಿ. ಹೇಗೂ ಹೊರಟಿದ್ದೆ, ಇಬ್ಬರೂ ಹೋಗೋಣ," ಎಂದರು.

ದೂರದಿಂದಲೇ ಇವರನ್ನು ಕಂಡ ಪಂಕ್ಚರ್ ಅಂಗಡಿಯವನು ಕೈ ಒರೆಸಿಕೊಂಡು, ಬೈಸಿಕೊಳ್ಳಲು ಸಿದ್ಧನಾಗಿ ಎದ್ದು ನಿಂತ. ಮೇಷ್ಟ್ರು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿ, "ತಪ್ಪು ನಂದು," ಎಂದು ಮುಗಿಸಿದರು.

"ಗೊತ್ತಿತ್ತು ಸಾರ್," ಎಂದ ಅವನು. "ಒಂದೊಂದು ನಟ್ಟಿಗೂ ಗಡಿಯಾರಕ್ಕೆ ಬಿಡೋ ಹಾಗೆ ಅಳತೆ ಮಾಡಿದ ಎಣ್ಣೆ. ಅಷ್ಟು ಪುರುಸೊತ್ತು ನನಗೆಲ್ಲಿದೆ?"

"ಗೊತ್ತಿದ್ರೆ ನನಗೆ ಹೇಳೋದಲ್ವೇನಪ್ಪ?" ಎಂದರು ಟೀಚರು.

"ಹೇಳಿದೆನಲ್ಲ ಮೇಡಂ, ಮೊದಲೇ ಹೋಗಿತ್ತು ಅಂತ. ಯಾರಿಂದ ಅಂತ ನೀವು ಕೇಳ್ಲಿಲ್ಲ."

ತರಗತಿಯಲ್ಲಿ ಎಂದೂ ಸೋಲದ ಟೀಚರಿಗೆ ನಗು ಬಂತು. ಅಂಗಡಿಯವನು ಒಳಗಿನಿಂದ ಉದ್ದನೆಯ ಟಾರ್ಕ್ ಸ್ಪ್ಯಾನರ್ ತಂದು ಮೇಷ್ಟ್ರ ಕೈಗಿಟ್ಟ.

"ಇದರಲ್ಲಿ ಬಿಗೀರಿ ಸಾರ್. ಬಿಗಿ ಸಾಕಾದ್ರೆ ಟಕ್ ಅನ್ನುತ್ತೆ. ಅಂದ್ರೆ ಮುಗೀತು, ಕೈ ತೆಗೀಬೇಕು."

"ಇನ್ನು ಸ್ವಲ್ಪ ಎಳೀಬಹುದಿತ್ತು ಅನ್ನಿಸಿದ್ರೆ?"

"ಅನ್ನಿಸುತ್ತೆ ಸಾರ್," ಎಂದ ಅವನು. "ಆಗ ಮೇಡಂನ ಕರೀರಿ."