ಅಣ್ಣನ ಕೈ, ನನ್ನ ಸ್ಕೀ

ನಾನು ಮಾಡಿದ ಮೊದಲ ಜೋಡಿ ಸ್ಕೀಯನ್ನು ಅಣ್ಣ ದೊಡ್ಡ ಸುತ್ತಿಗೆಯಲ್ಲಿ ಹೊಡೆದು ಮುರಿದ. ಒಂದೇ ಏಟಿಗೆ ಮುರಿಯಲಿಲ್ಲ, ಅದು ನನಗೆ ಇವತ್ತಿಗೂ ಹೆಮ್ಮೆ. ಒಂದು ಹಲಗೆ ನಾಲ್ಕನೆಯ ಏಟಿಗೆ ಲಟ್ಟೆಂದಿತು, ಇನ್ನೊಂದಕ್ಕೆ ಐದು ಬೇಕಾಯಿತು. ಆಮೇಲೆ ಸುತ್ತಿಗೆ ಕೆಳಗಿಟ್ಟು, ಬೆವರು ಒರೆಸಿಕೊಂಡು, ನನ್ನ ಕಪಾಳಕ್ಕೆ ಒಂದು ಬಿಟ್ಟ. ನನಗಾಗ ಮೂವತ್ತೊಂದು ವರ್ಷ. ದುಬೈನ ಜೆಬೆಲ್ ಅಲಿಯ ಬೋಟ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಕೈಯಲ್ಲಿದ್ದದ್ದು ಬಿಟ್ಟು ನೋಡುತ್ತಿದ್ದರು.

ನಮ್ಮದು ಕುಂದಾಪುರದ ಕಡೆಯ ದೋಣಿ ಕಟ್ಟುವ ಮನೆ. ಉಳಿ ಗೆರೆ ತಪ್ಪಿದರೆ ಅಪ್ಪ ಕೊಡತಿಯ ಹಿಡಿಯಿಂದ ಬೆರಳ ಗೆಣ್ಣಿಗೇ ಹೊಡೆಯುತ್ತಿದ್ದ. ಅಣ್ಣನಿಗೆ ಅಪ್ಪ ಹೊಡೆದ, ನನಗೆ ಅಣ್ಣ ಹೊಡೆದ. ನಮ್ಮಲ್ಲಿ ಕೆಲಸ ಕಲಿಸುವುದೆಂದರೆ ಹಾಗೆಯೇ, ಅದಕ್ಕೆ ಬೇರೆ ಹೆಸರಿರಲಿಲ್ಲ. ಅಣ್ಣ ನನಗಿಂತ ಹದಿಮೂರು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು, ದುಬೈಗೆ ಕರೆತಂದವನು, ಫೈಬರ್ ಬೋಟಿನ ಕೆಲಸ ಕಲಿಸಿದವನು ಅವನೇ. ವರ್ಕ್‌ಶಾಪಿನಲ್ಲಿ ಅವನಿಗೆ ಪಾಲಿತ್ತು, ನಾನು ಅಲ್ಲಿನ ವೀಸಾದ ಮೇಲಿದ್ದೆ, ಬಿಟ್ಟು ಬೇರೆ ಕಡೆ ಸೇರಬೇಕಾದರೆ ಅವನ ಸಹಿ ಬೇಕು. ಇಂಟರ್‌ನ್ಯಾಷನಲ್ ಸಿಟಿಯ ಅವನ ಫ್ಲ್ಯಾಟಿನಲ್ಲೇ ನನ್ನ ವಾಸ, ಅತ್ತಿಗೆಯ ಕೈಯಡುಗೆಯೇ ನನ್ನ ಊಟ. ಅನ್ನ ಅವನದು, ಏಟೂ ಅವನದು.

ಸ್ಕೀ ನನ್ನ ಕೈಗೆ ಬಂದದ್ದು ಒಬ್ಬ ಗಿರಾಕಿಯಿಂದ. ಬೋಟ್ ರಿಪೇರಿಗೆ ಬಿಟ್ಟಿದ್ದವನು ಮುರಿದ ಒಂದು ಜೋಡಿಯನ್ನೂ ತಂದು ಎಸೆದು ಹೋದ. ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಉದ್ದ ಹಲಗೆಗಳು. ಇಲ್ಲಿ ಹಿಮ ಎಲ್ಲಿಂದ ಬರಬೇಕು, ಮರಳ ದಿಬ್ಬದ ಮೇಲೆ ಜಾರುತ್ತಾರೆ. ಗರಗಸ ಹಾಕಿ ಸೀಳಿ ನೋಡಿದೆ. ಒಳಗೆ ಮರದ ಪಟ್ಟಿ, ಮೇಲೂ ಕೆಳಗೂ ಫೈಬರ್ ಬಟ್ಟೆ, ಅದನ್ನು ಅಂಟಿಸುವ ರೆಸಿನ್. ಅಯ್ಯೋ, ಇದು ದೋಣಿಯೇ ಅಲ್ಲವಾ ಅನ್ನಿಸಿತು. ಅಬುಧಾಬಿಯಲ್ಲಿ ಇಂಥ ಹಲಗೆಗಳನ್ನೇ ಮಾಡುವ ಸಣ್ಣ ವರ್ಕ್‌ಶಾಪೊಂದು ಇದೆಯೆಂದು ಆ ಗಿರಾಕಿಯೇ ಹೇಳಿ ನಂಬರ್ ಕೊಟ್ಟ. ಫೋನ್ ಮಾಡಿದರೆ ಅಲ್ಲಿನ ಯಜಮಾನ ಹಿಂದಿಯಲ್ಲಿ ಎರಡೇ ಮಾತು ಹೇಳಿದ. ನಿನ್ನ ಕೈಯಿಂದಲೇ ಒಂದು ಜೋಡಿ ಮಾಡಿ ತಾ. ಅದು ಮರಳ ಮೇಲೆ ಓಡಿದರೆ ಕೆಲಸ ನಿನ್ನದು.

ಅಲ್ಲಿಗೆ ಆ ಹಲಗೆಗಳು ಆಟದ ಸಾಮಾನಾಗಿ ಉಳಿಯಲಿಲ್ಲ. ಅಣ್ಣನ ಕೈ ತಲುಪದ ಜಾಗಕ್ಕೆ ಹೋಗಲು ನನಗೆ ಇದ್ದ ಒಂದೇ ದಾರಿ ಅದು. ಪೈನ್ ಮರದ ಚೂರುಗಳನ್ನು ಜೋಡಿಸಿ, ಮೂಗು ಮೇಲೆ ಬಾಗುವ ಹಾಗೆ ಅಚ್ಚು ಮಾಡಿ, ಊಟದ ಬಿಡುವಿನಲ್ಲಿ ಕದ್ದು ಕದ್ದು ಮೊದಲ ಜೋಡಿ ಮುಗಿಸಿದೆ. ಅಣ್ಣನಿಗೆ ಅದೂ ಗೊತ್ತಾಯಿತು, ಅಬುಧಾಬಿಯ ಮಾತೂ ಗೊತ್ತಾಯಿತು. ಮುಂದಿನದನ್ನು ಆಗಲೇ ಹೇಳಿದೆ.

"ಅಜ್ಜ ಕಡಲಿಗೆ ದೋಣಿ ಕಟ್ದ, ನೀನ್ ಮರಳಿಗೆ ಕಟ್ತ್ಯಾ?" ಎಂದು ಅವನು ಆ ದಿನ ಕಿರುಚಿದ್ದ. "ನನ್ ಬಿಟ್ಟ್ ಹೋಪುಕೆ ನನ್ನದೇ ರೆಸಿನ್ ಬೇಕಾ ನಿಂಗೆ?"

ನಾನೇನು ಕಡಿಮೆಯವನಲ್ಲ. ಮಾರನೆಯ ವಾರವೇ ಎರಡನೆಯ ಜೋಡಿಗೆ ಕೈ ಹಾಕಿದೆ. ಆಗಸ್ಟ್ ತಿಂಗಳು, ಶೆಡ್ಡಿನ ತಗಡು ಮುಟ್ಟುವ ಹಾಗಿರಲಿಲ್ಲ. ಬೇಸಿಗೆಯಲ್ಲಿ ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಹಾಕುವಾಗ ಲೋಟದಷ್ಟು ಮಾತ್ರ ಕಲಸಬೇಕು, ಜಾಸ್ತಿ ಕಲಸಿದರೆ ಅದು ಒಳಗಿಂದೊಳಗೇ ಕಾದು ಬೇಯುತ್ತದೆ ಎಂದು ಅಣ್ಣ ಸಾವಿರ ಸಲ ಹೇಳಿದ್ದ. ಹೇಳಿ ಹೊಡೆದೂ ಇದ್ದ. ಆದರೆ ಬಿಡುವು ಅರ್ಧ ಗಂಟೆ, ಕದ್ದ ಕೆಲಸ. ಇಡೀ ಬಕೆಟ್ ಒಂದೇ ಸಲ ಕಲಸಿದೆ. ನೋಡುತ್ತಿದ್ದ ಹಾಗೆ ಹೊಗೆ ಎದ್ದಿತು. ಬಕೆಟಿನ ಅಂಚು ಮೆತ್ತಗಾಗಿ ಒಳಕ್ಕೆ ಮಡಚಿಕೊಂಡಿತು. ನಾಲ್ಕು ಅಡಿ ಆಚೆ ಅಸಿಟೋನ್ ಡ್ರಮ್ ಇತ್ತು, ಕಿಡಿ ಸಾಕು ಅದಕ್ಕೆ. ನಾನು ಕಲಸುವ ಕೋಲು ಹಿಡಿದೇ ನಿಂತಿದ್ದೆ.

ಅಣ್ಣ ಎಲ್ಲಿಂದ ಬಂದನೋ. ಬರಿಗೈಯಲ್ಲಿ ಬಕೆಟ್ ಎತ್ತಿ ಹೊರಗೆ ಓಡಿದ. ಕರಗಿದ ಪ್ಲಾಸ್ಟಿಕ್ಕೂ ಕುದಿಯುವ ರೆಸಿನ್ನೂ ಅವನ ಎರಡೂ ಅಂಗೈಗೆ ಮೆತ್ತಿಕೊಂಡು, ಎಸೆಯಲು ಹೋದರೆ ಬಕೆಟ್ ಕೈ ಬಿಡಲಿಲ್ಲ. ಕೊಡವಿದ. ಚರ್ಮದ ಜೊತೆಗೇ ಬಿತ್ತು. ಅಣ್ಣ ಕಿರುಚಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೆ, ನೋವಿಗೆ ಕಿರುಚಿದ್ದು ಕೇಳಿದ್ದು ಅವತ್ತೇ ಮೊದಲು. ಅಷ್ಟಾದರೂ ನಾನು ಓಡಿ ಹತ್ತಿರ ಹೋದಾಗ ಹೊಟ್ಟೆಗೆ ಒದ್ದ. ಕೈ ಇಲ್ಲದಿದ್ದರೆ ಕಾಲು!

ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಅತ್ತಿಗೆ ಗಂಜಿಯನ್ನು ಚಮಚದಲ್ಲಿ ಅವನ ಬಾಯಿಗೆ ಹಾಕುತ್ತ, ನನ್ನ ಕಡೆ ನೋಡದೆ, "ಉಂಡ್ಯಾ?" ಎಂದು ನನ್ನನ್ನೂ ಕೇಳುತ್ತಿದ್ದರು. ಆ ಪ್ರಶ್ನೆಗಿಂತ ಎರಡೇಟು ಬಾರಿಸಿದ್ದರೆ ಚೆನ್ನಾಗಿತ್ತು.

ವಾರ ಕಳೆದ ಮೇಲೆ ಅಣ್ಣ ವರ್ಕ್‌ಶಾಪಿಗೆ ಬಂದು ನನ್ನೆದುರು ಒಂದು ಡ್ರಮ್ಮಿನ ಮೇಲೆ ಕೂತ. "ಮಾಡ್. ನನ್ನೆದುರೇ ಮಾಡ್. ಕದ್ದ್ ಮಾಡಿ ಊರ್ ಸುಡುದ್ ಬ್ಯಾಡ. ಅದ್ ಓಡ್ರೆ ನಾನೇ ಸಹಿ ಹಾಕಿ ಕಳಸ್ತೆ. ಖಲಾಸ್."

ಕೈ ಕಟ್ಟಿಹೋದ ಮೇಲೆ ಅವನ ಬಾಯಿಗೆ ಹತ್ತು ಕೈ ಬಂದವು. ಮರ ಹೆರೆಯಲು ಹತ್ತರಿ ಹಿಡಿದರೆ ಬೈಗುಳ, ಇಟ್ಟರೆ ಬೈಗುಳ. ನಮ್ಮ ದೊಡ್ಡ ಜಗಳ ಹಲಗೆಯ ಬಾಗಿನ ಬಗ್ಗೆ. ಹಿಮದ ಸ್ಕೀಯ ನಡು ಸ್ವಲ್ಪ ಮೇಲೆ ಎದ್ದಿರುತ್ತದೆ, ನಿಂತಾಗ ಭಾರಕ್ಕೆ ಅದು ನೇರವಾಗುತ್ತದೆ. ಫೋನಿನಲ್ಲಿ ನೋಡಿ, ಅಳತೆ ಬರೆದುಕೊಂಡು, ಹಾಗೆಯೇ ಮಾಡುತ್ತಿದ್ದೆ ನಾನು. ಅಣ್ಣ ಒಪ್ಪಲಿಲ್ಲ. ನಡು ಕೆಳಗಿರಬೇಕು, ಮೂಗೂ ಬಾಲವೂ ಮೇಲೇಳಬೇಕು ಎಂದ.

"ದೋಣಿಗೆ ಇಪ್ಪ್ ಹಾಂಗೆ ಹೊಟ್ಟೆ ಕೆಳಗ್ ಬಿಡ್."

"ಇದ್ ದೋಣಿ ಅಲ್ಲ ಅಣ್ಣ, ಸ್ಕೀ."

"ಹಿಮ ಗಟ್ಟಿ ಇರತ್ತ್. ಮರಳ್ ಗಟ್ಟಿಯಾ? ಮರಳ್ ನೀರ್ ಮಾರಾಯಾ, ನೀರ್!"

"ನೀ ಯಾವಾಗ ಜಾರದ್ದ್, ನಿಂಗೆಂತ ಗೊತ್ತ್?"

ಅವನು ಎದ್ದು ಬಂದು ಕಾಲಿನಿಂದ ನನ್ನ ಬೆಂಚನ್ನು ಒದ್ದ. ಎರಡು ವಾರದ ಕೆಲಸ ನೆಲಕ್ಕೆ ಬಿದ್ದು, ಒಂದರ ಅಂಚು ಸಿಡಿಯಿತು. ನನ್ನ ಪಿತ್ತ ನೆತ್ತಿಗೇರಿತು. ಹೊಡೆದೆ. ಅಂಗೈ ತೆರೆದು, ಕೆನ್ನೆ ತುಂಬ, ಅವನೇ ಕಲಿಸಿದ ಹಾಗೆ. ಅವನ ಕನ್ನಡಕ ಹಾರಿ ಮರದ ಪುಡಿಯಲ್ಲಿ ಬಿತ್ತು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಖುಷಿಯಾಯಿತು. ಅಣ್ಣ ಎರಡೂ ಬ್ಯಾಂಡೇಜುಗಳನ್ನು ಮೇಲೆತ್ತಿದ. ಅವುಗಳಿಂದ ಏನೂ ಆಗದು ಎಂದು ಅವನಿಗೆ ಹೊಳೆದದ್ದು ಕಣ್ಣಲ್ಲಿ ಕಂಡಿತು. ಇಳಿಸಿದ. ಬಗ್ಗಿ ಕನ್ನಡಕ ಎತ್ತಲು ನೋಡಿದ, ಬ್ಯಾಂಡೇಜಿನ ಕೈಗೆ ಅದು ಸಿಗಲಿಲ್ಲ. ನಾನೂ ಎತ್ತಿಕೊಡಲಿಲ್ಲ. ಕಡೆಗೆ ಬೇರೆ ಕೆಲಸಗಾರನೊಬ್ಬ ಬಂದು ಅವನ ಮುಖಕ್ಕೆ ಸಿಕ್ಕಿಸಿದ. ಮನೆಯಲ್ಲಿ ಅತ್ತಿಗೆ ಅಣ್ಣನ ಕೆಂಪಗಾದ ಕೆನ್ನೆ ನೋಡಿ ಕೇಳಿದ್ದಕ್ಕೆ, ಹಲಗೆ ಬಡಿಯಿತು ಎಂದ. ಆಮೇಲೆ ಅಣ್ಣ ವರ್ಕ್‌ಶಾಪಿನಲ್ಲಿ ನನ್ನ ಬೆಂಚಿನ ಕಡೆ ಬರಲಿಲ್ಲ.

ಎರಡನೆಯ ಜೋಡಿ ನನ್ನ ಹಟದ ಪ್ರಕಾರವೇ ಮುಗಿಯಿತು. ಒಂದು ಶನಿವಾರ ಬೆಳಗ್ಗೆ ಪಿಕಪ್ಪಿನಲ್ಲಿ ಹಾಕಿಕೊಂಡು ದಿಬ್ಬಗಳ ಕಡೆ ಹೋದೆ. ಎತ್ತರದ ಒಂದನ್ನು ಹತ್ತಿ, ಹಳೆಯ ಬೂಟು ಬಿಗಿದು, ಇಳಿದೆ. ಹತ್ತು ಮಾರು ಹೋಗಿರಬಹುದು. ಎರಡೂ ಮೂಗು ಮರಳಿಗೆ ಹೊಕ್ಕು ನಿಂತವು, ನಾನು ನಿಲ್ಲಲಿಲ್ಲ. ಮುಖ ಅಡಿಯಾಗಿ ಬಿದ್ದು ಉರುಳಿದೆ. ತುಟಿ ಸೀಳಿತು, ಮುಂದಿನ ಹಲ್ಲು ಅರ್ಧ ಹೋಯಿತು, ಮೂಗಿನ ತೊಗಲು ಸುಲಿಯಿತು. ಮತ್ತೆ ಹತ್ತಿದೆ, ಮತ್ತೆ ಅದೇ. ಮೂರನೆಯ ಸಲ ಬಿದ್ದಾಗ ಬಾಯಿತುಂಬ ಇದ್ದ ರಕ್ತ, ಮರಳು ಎರಡನ್ನೂ ಉಗಿದು ಕೂತೆ. ಮರಳು ನೀರೇ. ಅಣ್ಣ ಒಂದು ದಿನವೂ ಜಾರದೆ, ಡ್ರಮ್ಮಿನ ಮೇಲೆ ಕೂತು ಹೇಳಿದ್ದು ಸರಿಯಾಗಿತ್ತು. ಅಷ್ಟು ಸರಿ ಇದ್ದದ್ದಕ್ಕೇ ನನ್ನ ಮೈ ಉರಿದುಹೋಯಿತು. ಪಿಕಪ್ಪಿನಿಂದ ಜ್ಯಾಕ್ ರಾಡ್ ತಂದು ಆ ಜೋಡಿಯನ್ನು ಬಡಿದು ಪುಡಿ ಮಾಡಿದೆ. ಅಣ್ಣನಿಗೆ ಒಂಬತ್ತು ಏಟು ಬೇಕಾಗಿತ್ತು, ನನಗೆ ಏಳು ಸಾಕಾಯಿತು.

ಮೂರನೆಯ ಜೋಡಿಗೆ ದೋಣಿಯ ಹೊಟ್ಟೆ ಕೊಟ್ಟೆ. ಯಾರಿಗೂ ಹೇಳಲಿಲ್ಲ. ಅಣ್ಣ ಶೆಡ್ಡಿನ ಆ ತುದಿಯಿಂದ ಅಚ್ಚನ್ನು ಒಂದು ಸಲ ನೋಡಿದ, ಮುಖ ತಿರುಗಿಸಿದ.

ಅಬುಧಾಬಿಯ ಯಜಮಾನ ದಿಬ್ಬದ ಬುಡದಲ್ಲಿ ಕಾರಿಗೆ ಒರಗಿ ನಿಂತಿದ್ದ. ಮೇಲಿನಿಂದ ಬಿಟ್ಟೆ. ಅಮ್ಮಾ, ಅದು ಓಡಿದ ರೀತಿ! ಮೂಗು ಮರಳನ್ನು ಸೀಳಲೇ ಇಲ್ಲ, ಮೇಲೆ ತೇಲಿತು. ಬುಡದ ಹತ್ತಿರ ನಿಲ್ಲಿಸಲು ಗೊತ್ತಾಗದೆ ಭುಜದ ಮೇಲೆ ಬಿದ್ದೆ. ಮೂಳೆ ಕಟಕ್ಕೆಂದದ್ದು ಕೇಳಿಸಿತು. ಯಜಮಾನ ಓಡಿಬಂದು ಮೊದಲು ಹಲಗೆ ಎತ್ತಿದ, ತಿರುಗಿಸಿದ, ಮೊಣಕಾಲಿಗೆ ಕೊಟ್ಟು ಬಗ್ಗಿಸಿದ. ಆಮೇಲೆ ನನ್ನನ್ನು ಎತ್ತಿದ.

"ಈ ಬಾಗು ಯಾರು ಹೇಳಿಕೊಟ್ಟದ್ದು?" ಎಂದ.

"ಯಾರೂ ಇಲ್ಲ. ನಾನೇ" ಎಂದೆ.

"ಯಲ್ಲಾ, ಆಯ್ತು, ಒಂದನೇ ತಾರೀಖಿಗೆ ಬಾ."

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು ಎನ್ನುತ್ತಾರೆ. ಅಣ್ಣನ ಹೆಸರನ್ನು ನಾನು ಕೊಯ್ದು ಹಾಕಿದ್ದು ಸಿಟ್ಟೇ ಇಲ್ಲದೆ, ನಗುನಗುತ್ತ.

ವೀಸಾ ಬಿಡಿಸುವ ಕಾಗದಕ್ಕೆ ಸಹಿ ಹಾಕಲು ಅಣ್ಣನೂ ನಾನೂ ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಹೋದೆವು. ಬ್ಯಾಂಡೇಜು ಬಿಚ್ಚಿಯಾಗಿತ್ತು. ಅಂಗೈ ಗುಲಾಬಿ ಬಣ್ಣಕ್ಕೆ ತಿರುಗಿ, ಹೊಳೆಯುತ್ತ, ಗೆರೆಯೇ ಇಲ್ಲದೆ ನಯವಾಗಿತ್ತು. ಹೆಬ್ಬೆರಳು ಮತ್ತು ಕಿರುಬೆರಳಿನ ನಡುವೆ ಪೆನ್ನು ಸಿಕ್ಕಿಸಿಕೊಂಡು ಅವನು ಬರೆಯತೊಡಗಿದ. ಎ.ಸಿ. ಗಾಳಿಗೆ ಕಾಗದದ ತುದಿ ಏಳುತ್ತಿತ್ತು. ಹಿಡಿಯೋಣ ಎಂದು ನಾನು ಪಕ್ಕದಿಂದ ಥಟ್ಟನೆ ಕೈ ಚಾಚಿದೆ.

ಅಣ್ಣ ತಲೆ ತಗ್ಗಿಸಿ, ಎಡ ಮೊಣಕೈಯನ್ನು ಮುಖಕ್ಕೆ ಅಡ್ಡ ತಂದ. ಕಣ್ಣು ಗಟ್ಟಿ ಮುಚ್ಚಿದ್ದ, ಭುಜ ಕಿವಿಗೆ ತಾಗಿತ್ತು. ಆ ಭಂಗಿ ನನಗೆ ಗೊತ್ತು, ಇಪ್ಪತ್ತೈದು ವರ್ಷ ಅವನೆದುರು ಹಾಗೆ ನಿಂತವನು ನಾನು. ಅವನೊಮ್ಮೆ ನನಗೆ ಹೆದರಬೇಕು ಎಂದು ಎಷ್ಟು ಹರಕೆ ಹೊತ್ತಿದ್ದೆನೋ. ಟೈಪ್ ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದಳು.

"ಅಣ್ಣ, ಕಾಗದ ಹಿಡಿಯೂಕೆ..." ಎಂದೆ.

ಅವನು ಮೊಣಕೈ ಇಳಿಸಿ, ಅದರಿಂದಲೇ ಹಣೆ ಒರೆಸಿಕೊಂಡ ಹಾಗೆ ಮಾಡಿದ. "ಎಂತ ಇಲ್ಲೆ ಮಾರಾಯಾ. ಹಿಡ್ಕೋ" ಎಂದು ಸಹಿ ಮುಗಿಸಿದ.

ಆ ಕಾಗದದ ಒಂದು ಪ್ರತಿ ಅಬುಧಾಬಿಯ ನನ್ನ ರೂಮಿನ ಫೈಲಿನಲ್ಲಿದೆ. ಅಣ್ಣನ ಹೆಸರಿನ ಅರ್ಧದಲ್ಲಿ ಪೆನ್ನು ಜಾರಿ, ಕಾಗದದ ಅಂಚಿನವರೆಗೆ ಒಂದು ಗೀರು ಎಳೆದಿದೆ.